ಬಾಯಿ ಮುಚ್ಚಿಸುವ ಗುಂಡಿ

ಪುರಸಭೆಯ ಸಭಾಂಗಣದಲ್ಲಿ ಗುಮಾಸ್ತನಿಗೆ ಇದ್ದ ಒಂದೇ ಅಧಿಕಾರವೆಂದರೆ ಮೇಜಿನ ಮೇಲಿನ ಗಂಟೆ. ಜನ ಅಹವಾಲು ಹೇಳಿಕೊಳ್ಳುವಾಗ ಹೊತ್ತು ಮೀರಿದರೆ ಅದನ್ನು ಬಾರಿಸಬೇಕು. ಬಾರಿಸುತ್ತಲೂ ಇದ್ದ. ಯಾರೂ ಕ್ಯಾರೇ ಅನ್ನುತ್ತಿರಲಿಲ್ಲ. "ನೀನು ಬಾರಿಸ್ತಾ ಇರಪ್ಪ, ನಾವು ಮಾತಾಡ್ತಾ ಇರ್ತೀವಿ" ಎಂದು ಮುದುಕನೊಬ್ಬ ಅವನ ಮುಖಕ್ಕೇ ಹೇಳಿದ್ದ. ಊರಲ್ಲಿ ಅವನಿಗೆ 'ಗಂಟೆ ಗುಮಾಸ್ತ' ಎಂದೇ ಹೆಸರು ಬಿತ್ತು. ಮನುಷ್ಯ ಕೆಟ್ಟವನಲ್ಲ, ಪಾಪ. ಅವಮಾನವನ್ನು ನಕ್ಕು ನುಂಗಿಕೊಂಡು ಬಂದವನು, ಅಷ್ಟೆ.

ಸಾಂಕ್ರಾಮಿಕ ರೋಗ ಬಂದು ಸಭಾಂಗಣಕ್ಕೆ ಬೀಗ ಬಿತ್ತು. ಸಭೆಗಳೆಲ್ಲ ಆನ್‌ಲೈನ್ ಆದವು, ನಡೆಸುವ ಹೊಣೆ ಇವನ ತಲೆಗೆ ಬಂತು. ಮಲಗುವ ಕೋಣೆಯಲ್ಲಿ ಇಸ್ತ್ರಿ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಮೇಲೆ ಶರಟು, ಕೆಳಗೆ ಪೈಜಾಮ ತೊಟ್ಟು ಕೂರುತ್ತಿದ್ದ. ಮೊದಮೊದಲು ಸಂತೆಯೋ ಸಂತೆ. ಒಬ್ಬರ ಮನೆಯ ಕುಕ್ಕರ್, ಇನ್ನೊಬ್ಬರ ಮನೆಯ ನಾಯಿ, ಮತ್ತೊಂದು ಕಡೆ ಗಂಡ ಹೆಂಡಿರ ಜಗಳ. ಅಧ್ಯಕ್ಷರು ರೇಗಿದರು: "ಏನ್ರೀ ಇದು ಗಲಾಟೆ? ಒಂದು ಸಭೆ ನಡೆಸೋಕೆ ಆಗಲ್ವಾ ನಿಮ್ಮ ಕೈಲಿ?"

ಆಗ ಅವನಿಗೆ ಆ ಗುಂಡಿ ಸಿಕ್ಕಿತು. ಒತ್ತಿದರೆ ಸದಸ್ಯರನ್ನು ಬಿಟ್ಟು ಉಳಿದವರೆಲ್ಲರ ಧ್ವನಿ ಬಂದ್. ಇವನಾಗಿ ಮತ್ತೆ ಬಿಡುವವರೆಗೂ ಅವರು ಏನು ಮಾಡಿದರೂ ಸೊಲ್ಲು ಹೊರಡುವುದಿಲ್ಲ. ವರ್ಷಗಟ್ಟಲೆ ಗಂಟೆ ಬಾರಿಸಿ ಸೋತ ಕೈಗೆ ಅದರಲ್ಲಿ ಸುಖವಿತ್ತು. ಹೌದು, ಸುಖವೇ. ಆಮೇಲೆ ಅವನನ್ನು ಹೆಚ್ಚು ಕಾಡಿದ್ದೂ ಅದೇ.

ಒಂದು ಮಧ್ಯಾಹ್ನದ ಸಭೆಗೆ ಬಂದ ವಿಷಯ, ಬೆಟ್ಟದ ಬೀದಿಯ ಸಣ್ಣ ಆರೋಗ್ಯ ಕೇಂದ್ರವನ್ನು ಮುಚ್ಚಿ ಅಲ್ಲಿನ ನರ್ಸನ್ನು ದೊಡ್ಡಾಸ್ಪತ್ರೆಗೆ ಕಳಿಸುವುದು. ಆ ಬೀದಿಯ ಹೊಲಿಗೆಯಮ್ಮ ಮೊದಲೇ ಇವನಿಗೆ ಫೋನ್ ಮಾಡಿದ್ದಳು. "ಅಣ್ಣ, ನಾನು ಮಾತಾಡ್ಬೇಕು. ನಮ್ಮ ಮನೆಯವ್ರ ಕಾಲಿಗೆ ಆ ನರ್ಸಮ್ಮನೇ ಪಟ್ಟಿ ಕಟ್ಟೋದು. ಸಕ್ಕರೆ ಕಾಯಿಲೆ ಗಾಯ, ಬಿಟ್ರೆ ಕೆಡುತ್ತೆ. ದೊಡ್ಡಾಸ್ಪತ್ರೆಗೆ ಹೋಗೋಣ ಅಂದ್ರೆ ಬಸ್ಸೇ ಇಲ್ಲ."

"ಆಯ್ತಮ್ಮ, ಕರೀತೀನಿ" ಎಂದಿದ್ದ.

ಅವಳು ಮಾಸ್ಕ್ ಹೊಲಿಯುತ್ತಲೇ ಸಭೆಗೆ ಸೇರಿದಳು. ಯಂತ್ರದ ಗಡಗಡ ಎಲ್ಲರ ಕಿವಿಗೂ ಬಡಿಯಿತು. ಅಧ್ಯಕ್ಷರು ಹುಬ್ಬು ಗಂಟಿಕ್ಕಿದ್ದೇ ತಡ, ಇವನು ಗುಂಡಿ ಒತ್ತಿದ. ಚರ್ಚೆ ಮುಗಿದ ಮೇಲೆ ಅಧ್ಯಕ್ಷರು ಕೇಳಿದರು, "ಸಾರ್ವಜನಿಕರದ್ದು ಏನಾದ್ರೂ ಆಕ್ಷೇಪಣೆ ಇದೆಯಾ?"

ಈಗ ಧ್ವನಿ ಬಿಡಬೇಕಿತ್ತು. ಅವನು ಮರೆತಿರಲಿಲ್ಲ. ಪರದೆಯ ಮೂಲೆಯ ಪುಟ್ಟ ಚೌಕದಲ್ಲಿ ಹೊಲಿಗೆಯಮ್ಮ ಕೈ ಎತ್ತಿಕೊಂಡು ಬಾಯಾಡಿಸುತ್ತಿದ್ದುದು ಚೆನ್ನಾಗಿ ಕಾಣಿಸುತ್ತಿತ್ತು. ಬಿಟ್ಟರೆ ಮತ್ತೆ ಗಲಾಟೆ, ಮತ್ತೆ ಬೈಗುಳ. ಸ್ವಲ್ಪ ತಡೆಯೋಣ ಎಂದುಕೊಂಡ. ಅಷ್ಟರಲ್ಲಿ ಅಧ್ಯಕ್ಷರು, "ಯಾರದ್ದೂ ಇಲ್ಲ, ಅಂಗೀಕಾರ" ಎಂದರು. "ಇವತ್ತು ಸಭೆ ಎಷ್ಟು ಚೊಕ್ಕವಾಗಿ ನಡೀತು ನೋಡಿ" ಎಂದು ಇವನನ್ನು ಹೊಗಳಿದರು. ಚೌಕದಲ್ಲಿ ಅವಳಿನ್ನೂ ಮಾತಾಡುತ್ತಿದ್ದಳು.

ಕೇಂದ್ರ ಮುಚ್ಚಿತು. ಗಾಯ ಕೆಟ್ಟಿತು. ಬಸ್ಸುಗಳು ಮತ್ತೆ ಓಡಾಡುವ ಹೊತ್ತಿಗೆ ಅವಳ ಗಂಡನ ಪಾದವನ್ನೇ ತೆಗೆಯಬೇಕಾಯಿತು. ಸುದ್ದಿ ಗುಮಾಸ್ತನ ಕಿವಿಗೂ ಬಿತ್ತು. ಅಧ್ಯಕ್ಷರ ಬೈಗುಳಕ್ಕೆ ಹೆದರಿದೆ ಎಂಬ ಸಬೂಬು ಅವನಿಗೇ ಹೇಸಿಗೆ ಹುಟ್ಟಿಸಿತು. ಹೋಗಿ ಒಪ್ಪಿಕೊಳ್ಳಬೇಕೆಂದು ದಿನಾ ಅಂದುಕೊಂಡ. ಬೆಟ್ಟದ ಬೀದಿಯ ತಿರುವಿನವರೆಗೆ ಹೋಗಿ ವಾಪಸು ಬಂದ.

ಕೊನೆಗೆ ಅವಳೇ ಕಚೇರಿಗೆ ಬಂದಳು. ಕಿಟಕಿಯಾಚೆ ನಿಂತು ಫೋನನ್ನು ಒಳಗೆ ಚಾಚಿದಳು.

"ಕೇಂದ್ರ ಮತ್ತೆ ತೆಗೀರಿ ಅಂತ ಮುಂದಿನ ಸಭೇಲಿ ಕೇಳ್ಬೇಕಣ್ಣ. ಇದ್ರಲ್ಲಿ ಹೇಗೆ ಮಾತಾಡೋದು, ಸ್ವಲ್ಪ ತೋರಿಸ್ಕೊಡಿ. ಅವತ್ತು ನಾನೇ ಏನೋ ತಪ್ಪು ಮಾಡ್ಬಿಟ್ಟೆ. ನನಗೆ ಬರ್ದೇ ಇದ್ದಿದ್ದಕ್ಕೆ ಇವ್ರ ಕಾಲು ಹೋಯ್ತು."

ನಿಜ ಹೇಳಲು ಇದಕ್ಕಿಂತ ಒಳ್ಳೆಯ ಸಮಯ ಸಿಗದೆಂದು ಗುಮಾಸ್ತನಿಗೆ ಗೊತ್ತಿತ್ತು. ಫೋನನ್ನು ಕೈಗೆ ತೆಗೆದುಕೊಂಡು ಮೈಕಿನ ಚಿತ್ರ ತೋರಿಸಿದ.

"ಇಲ್ಲಿ ಒತ್ಬೇಕು ನೋಡಮ್ಮ."

"ಅವತ್ತು ನಾನು ಇದನ್ನ ಒತ್ತಿರ್ಲಿಲ್ಲ, ಅಲ್ವಾ ಅಣ್ಣ?"

"ಹೂಂ" ಎಂದ ಅವನು. "ಅದೇ ಇರ್ಬೇಕು."