ಸೀರೆಗೆ ಕತ್ತರಿ ಹಾಕಿದ ನರ್ಸಬಾಯಿ

ಹೋದ ವಾರ ಸಕ್ಕರೆ ಕಾಯಿಲೆಯ ತಪಾಸಣೆಗೆಂದು ಬನಹಟ್ಟಿಯಲ್ಲಿ ದವಾಖಾನೆಗೆ ಹೋಗಿದ್ದೆ. ನರ್ಸ್ ಹುಡುಗಿ ನನ್ನ ಬೆರಳಿಗೆ ಸ್ಪಿರಿಟ್ ಹತ್ತಿ ಒರೆಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಆ ನರ್ಸಬಾಯಿ ನೆನಪಾದರು...

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಮುಧೋಳದಲ್ಲಿ ಒಂದು ಮದುವೆ ಮುಗಿಸಿ ನಾನೂ ನನ್ನ ಸೊಸೆಯೂ ಟಂಟಂ ರಿಕ್ಷಾದಲ್ಲಿ ಬರುತ್ತಿದ್ದೆವು. ಮಟಮಟ ಮಧ್ಯಾಹ್ನ. ಎದುರಿಗೆ ಬಂದ ಕಬ್ಬಿನ ಟ್ರ್ಯಾಕ್ಟರಿನ ಹಿಂದಿನ ಟ್ರೇಲರ್ ಕೊಂಡಿ ಕಳಚಿ ನಮ್ಮ ಮೇಲೆಯೇ ಬಂತು. ಟಂಟಂ ಉರುಳಿತು. ಹೊಲದಲ್ಲಿದ್ದವರು ನಮ್ಮನ್ನು ಎತ್ತಿ ಹತ್ತಿರದ ಸಣ್ಣ ಸರಕಾರಿ ದವಾಖಾನೆಗೆ ಹಾಕಿದರು. ಡಾಕ್ಟರು ಬೇರೆ ಊರಿಗೆ ಹೋಗಿದ್ದರು. ಇದ್ದವರು ಆ ನರ್ಸಬಾಯಿ ಮತ್ತು ಒಬ್ಬ ಆಯಾ, ಇಬ್ಬರೇ.

ನನ್ನ ಹಣೆ ಒಡೆದು ಮುಖವೆಲ್ಲ ರಕ್ತ. ದವಾಖಾನೆ ಹಾರಿಹೋಗುವಂತೆ ಒದರುತ್ತಿದ್ದೆ. ಟಂಟಂನವನ ಕೈ ಮುರಿದಿತ್ತು. ಸೊಸೆಯ ಮೈಮೇಲೆ ಒಂದು ಹನಿ ರಕ್ತವಿರಲಿಲ್ಲ, ಸುಮ್ಮನೆ ಮಲಗಿದ್ದಳು. ನರ್ಸಬಾಯಿ ನನ್ನನ್ನು ಒಮ್ಮೆ ನೋಡಿದರು, ಅಷ್ಟೇ.

"ಒದರಾಕತ್ತೀರಿ ಅಂದ್ರ ಉಸಿರು ಛಲೋ ಐತಿ. ಈ ಅರಿವಿ ಹಣಿಗೆ ಒತ್ತಿ ಹಿಡಕೊಂಡು ಕುಂದರ್ರಿ" ಎಂದು ಹೇಳಿ ಸೊಸೆಯ ಕಡೆ ಹೋದರು.

ಸೊಸೆ ತನಗೇನೂ ಆಗಿಲ್ಲ, ಮೊದಲು ನಮ್ಮ ಅತ್ತೆಯನ್ನು ನೋಡಿ ಎಂದಳು. ನಮ್ಮ ಮನೆಗಳಲ್ಲಿ ಸೊಸೆ ಅತ್ತೆಗಿಂತ ಮೊದಲು ಊಟಕ್ಕೂ ಕೂಡುವುದಿಲ್ಲ. ಆ ಬಾಯಿ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಕುತ್ತಿಗೆ ಅಲುಗದಂತೆ ತಲೆ ಹಿಡಿ ಎಂದು ಆಯಾಗೆ ಹೇಳಿದರು. ಉಸಿರು ನೋಡಿದರು, ಎದೆ ನೋಡಿದರು, ಉಗುರು ಒತ್ತಿ ನೋಡಿದರು. ಎರಡೂ ಕೈಗೆ ಸಲೈನ್ ಏರಿಸಿದರು. ಹೊಟ್ಟೆ ಒತ್ತಿದರು. ಟೊಂಕದ ಎರಡೂ ಬದಿಗೆ ಅಂಗೈ ಇಟ್ಟು ಮೆಲ್ಲಗೆ ಒಂದೇ ಸಲ ಅದುಮಿದರು. ಸೊಸೆ ಹಲ್ಲು ಕಚ್ಚಿದಳು. ಆ ಬಾಯಿ ಕತ್ತರಿ ತೆಗೆದುಕೊಂಡರು.

ಅದು ನಾನೇ ನೇದ ಸೀರೆ. ಎಂಟು ದಿನ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ನೇದದ್ದು. ನೇಯುವವರ ಮನೆಯಲ್ಲಿ ಮೈಮೇಲಿನ ಸೀರೆಗೆ ಯಾರೂ ಕತ್ತರಿ ಹಾಕುವುದಿಲ್ಲ. ಹಣೆಯ ಅರಿವೆ ಒಗೆದು ಎದ್ದೆ. ನಾನೇ ನೇದದ್ದು, ನಾನೇ ಬಿಚ್ಚಿಕೊಡುತ್ತೇನೆಂದು ನಿರಿಗೆ ಎಳೆದು, ಸೊಸೆಯನ್ನು ಮಗ್ಗುಲಿಗೆ ಹೊರಳಿಸಲು ಕೈ ಹಾಕಿದೆ. ಆ ಬಾಯಿ ನನ್ನ ಮುಂಗೈ ಹಿಡಿದ ಬಿಗಿ ಇನ್ನೂ ನೆನಪಿದೆ.

"ಹೊಳ್ಳಿಸಬ್ಯಾಡ್ರಿ. ಟೊಂಕದ ಎಲುವು ಮುರದಂಗ ಐತಿ, ಒಳಗ ರಕ್ತ ಸೋರಾಕತ್ತೈತಿ. ನಿಮಗ ಸೀರಿ ಬೇಕೋ, ಸೊಸಿ ಬೇಕೋ?"

ಉತ್ತರ ಕೊಡಲು ನನಗೆ ಒಂದು ಗಳಿಗೆ ತಡವಾಯಿತು. ಮುಚ್ಚಿಡುವುದೇನು, ತಡವಾಯಿತು.

ಅವರು ಕಾಯಲಿಲ್ಲ. ಮೇಲಿನಿಂದ ಕೆಳತನಕ ಕತ್ತರಿಸಿದರು, ಮೈ ನೋಡಿ ಕಂಬಳಿ ಹೊದಿಸಿದರು. ಆಮೇಲೆ ಅದೇ ಸೀರೆಯ ಒಂದು ತುಂಡನ್ನು ಗೇಣಗಲ ಮಡಚಿ, ಮೊಣಕಾಲ ಕೆಳಗಿನ ಸಂದಿಯಿಂದ ತೂರಿಸಿ, ಮೈ ಎತ್ತದೆಯೇ ಮೇಲಕ್ಕೆ ಸರಿಸುತ್ತ ತೊಡೆ ಟೊಂಕಕ್ಕೆ ಕೂಡುವಲ್ಲಿಗೆ ತಂದರು. ಒಂದು ತುದಿ ನನ್ನ ಕೈಗೆ ಕೊಟ್ಟರು.

"ನೇಕಾರ್ತಿ ಅದೀರಿ. ಹಾಸು ಬಿಗದಂಗ ಬಿಗೀರಿ. ಜಗ್ಗಬ್ಯಾಡ್ರಿ, ಬಿಗೀರಿ."

ನಾನು ಒಂದು ಕಡೆ, ಅವರು ಒಂದು ಕಡೆ. ಜೀವಮಾನದಲ್ಲಿ ಮಗ್ಗಕ್ಕೆ ಎಷ್ಟೋ ಹಾಸುನೂಲು ಬಿಗಿದಿದ್ದೇನೆ, ಹಾಗೆಯೇ ಬಿಗಿದೆ. ಗಂಟು ಹಾಕಿ ನಾಡಿ ಹಿಡಿದು ನಿಂತರು. ಬಹಳ ಹೊತ್ತಾದ ಮೇಲೆ ಅಡ್ಡಿಯಿಲ್ಲ ಎಂಬಂತೆ ತಲೆಯಾಡಿಸಿ ಟಂಟಂನವನ ಕಡೆ ನಡೆದರು. ನನ್ನ ಹಣೆಗೆ ಹೊಲಿಗೆ ಬಿದ್ದದ್ದು ಎಲ್ಲರಿಗಿಂತ ಕಡೆಗೆ. ಅಷ್ಟರಲ್ಲಿ ಬಾಗಲಕೋಟೆಗೆ ಒಯ್ಯುವ ಗಾಡಿ ಬಂದಿತ್ತು. ಅಲ್ಲಿಯ ದೊಡ್ಡ ದವಾಖಾನೆಯಲ್ಲಿ ಆಪರೇಷನ್ ಆಗುವತನಕ ಆ ಗಂಟನ್ನು ಯಾರೂ ಬಿಚ್ಚಲಿಲ್ಲ. ಬಿಚ್ಚಿದರೆ ಒಳಗೆ ಮತ್ತೆ ರಕ್ತ ಸೋರುತ್ತದೆ, ಬಿಚ್ಚಬೇಡಿ ಎಂದು ಡಾಕ್ಟರುಗಳೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು.

ನಾನು ದೇವರ ಗುಡಿಗಳನ್ನು ಬಹಳ ಕಂಡಿದ್ದೇನೆ. ಅಂಥ ಕೈಗಳನ್ನು ಮತ್ತೆ ಕಂಡಿಲ್ಲ.

ಸೊಸೆ ಎದ್ದು ಓಡಾಡಲು ಐದು ತಿಂಗಳಾಯಿತು. ತಪ್ಪಾಯಿತು ಎನ್ನಲು ಹೋದಾಗ ಆ ಬಾಯಿಗೆ ಬೀಳಗಿ ಕಡೆ ವರ್ಗವಾಗಿತ್ತು. ಆಮೇಲೆ ಹೋಗೋಣ, ಹಬ್ಬ ಆಗಲಿ ಎನ್ನುತ್ತ ವರ್ಷಗಳೇ ಕಳೆದವು... ಹೋದ ವಾರ ಆ ನರ್ಸ್ ಹುಡುಗಿಯನ್ನು ಕೇಳಿದೆ. ಅವಳಿಗೆ ಗೊತ್ತಿತ್ತು. ರಿಟೈರ್ ಆದ ಮರುವರ್ಷವೇ ರಸ್ತೆಯಲ್ಲಿ ಗಾಡಿ ಬಡಿದು ತೀರಿಹೋದರಂತೆ.

ಮನೆಗೆ ಬಂದು ಸೊಸೆಗೆ ಹೇಳಿದೆ. ಅವಳು ಮಗ್ಗ ನಿಲ್ಲಿಸಿ ಕೂತಳು. ಗಾಡಿ ಬಡಿದಾಗ ಅವರ ಹತ್ತಿರ ಯಾರಿದ್ದರಂತೆ ಎಂದು ಕೇಳಿದಳು.

ಅದೊಂದನ್ನು ನಾನು ಆ ಹುಡುಗಿಯ ಹತ್ತಿರ ಕೇಳಿರಲಿಲ್ಲ. ಕೇಳಲು ಧೈರ್ಯವಾಗಿರಲಿಲ್ಲ.