ಪಟ್ಟಿ ಬಿಚ್ಚಿದ ಮುಂಜಾನೆ

“ಬರೇ ಬೆಳ್ಳಗ ಕಾಣಾಕತ್ತದ್ರಿ,” ಎಂದರು ಶಾಂತಮ್ಮ, ಇನ್ನೊಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು. ಕಣ್ಣಿನ ಪಟ್ಟಿ ಬಿಚ್ಚಿದ ಡಾಕ್ಟರ ಕೈ ಅಲ್ಲೇ ನಿಂತಿತು. ನರ್ಸ್ ಆದ ನಾನೂ ಟಾರ್ಚ್ ಹಿಡಿದು ಹತ್ತಿರ ಸರಿದೆ. ಒಲೆಗೆಂದು ಮುರಿಯುವಾಗ ಹತ್ತಿಕಟ್ಟಿಗೆ ಸಿಡಿದು ಶಾಂತಮ್ಮನ ಒಂದು ಕಣ್ಣು ಹರಿದಿತ್ತು. ಲಾಕ್‌ಡೌನಿನಲ್ಲಿ ಬಸ್ಸಿಲ್ಲದೆ ವನದುರ್ಗದಿಂದ ಶಹಾಪುರಕ್ಕೆ ಟ್ರ್ಯಾಕ್ಟರಿನಲ್ಲಿ ಬಂದಿದ್ದರು. ಹಿಂದಿನ ದಿನವಷ್ಟೇ ತುರ್ತಾಗಿ ಆಪರೇಷನ್ ಮಾಡಿ ಹೊಲಿಗೆ ಹಾಕಿದ್ದೆವು.

“ಯವ್ವಾ, ಇನ್ನೊಮ್ಮೆ ಸರಿಯಾಗಿ ನೋಡು,” ಎಂದು ಡಾಕ್ಟರು ಮುಂದೆ ಬಾಗಿದರು.

“ನೋಡಾಕತ್ತೇನ್ರಿ. ನೀವು ತಲಿಯಿಂದ ಕಾಲಿನ ತನಕ ಬಿಳಿ ಚೀಲ ತೊಟ್ಟೀರಿ, ಈ ಅಕ್ಕಾರೂ ಹಂಗ ಅದಾರ, ಗೋಡಿನೂ ಬೆಳ್ಳಗದ. ಮತ್ತೇನ್ ಕಾಣ್ಬೇಕ್ರಿ?”

ಪಿಪಿಇ ಕಿಟ್ಟಿನ ಮಾಸ್ಕಿನೊಳಗೇ ನಕ್ಕು ನಕ್ಕು ಡಾಕ್ಟರ ಕನ್ನಡಕಕ್ಕೆಲ್ಲ ಉಗಿ ಕಟ್ಟಿತು. ಆ ಭಯದ ದಿನಗಳಲ್ಲಿ ನಾವು ಹಾಗೆ ನಕ್ಕದ್ದು ಅದೇ ಮೊದಲು. ಏನೂ ಕಾಣದೆ ತಡವರಿಸುತ್ತಿದ್ದ ಡಾಕ್ಟರನ್ನು ಕೈಹಿಡಿದು ಬಾಗಿಲ ತನಕ ಬಿಟ್ಟುಬಂದವರು ಶಾಂತಮ್ಮನೇ.