ಮೂವರು ತಜ್ಞರು ದಾಟಿಸಿದ ಸೊನ್ನೆ

ಗೆಳೆಯರೇ, ಇವತ್ತು ನಡೆದದ್ದನ್ನು ಕೇಳಿ.

ಗಣಕ ಸಿದ್ಧಾಂತದ ದೊಡ್ಡ ಜರ್ನಲ್ ಒಂದು ನನ್ನ ಪ್ರಬಂಧವನ್ನು ಒಪ್ಪಿಕೊಂಡಿತ್ತಲ್ಲ, ಅದರ ಕೊನೆಯ ಕರಡು ಇವತ್ತು ಬಂತು. ಮೂವರು ತಜ್ಞರು ಎರಡು ವರ್ಷ ಪರೀಕ್ಷಿಸಿ ಪಾಸು ಮಾಡಿದ್ದು. ನನ್ನ ಬಡ್ತಿ ಅದರ ಮೇಲೇ ನಿಂತಿದೆ. “ಸ್ಪೆಲ್ಲಿಂಗ್ ಬಿಟ್ಟು ಏನನ್ನೂ ತಿದ್ದಬೇಡಿ” ಎಂದು ಸಂಪಾದಕರ ಸೂಚನೆ.

ಸ್ಪೆಲ್ಲಿಂಗ್ ನೋಡಲು ಜೋಶಿ ಮಾಸ್ತರಿಗಿಂತ ಒಳ್ಳೆಯವರು ಬೇಕೇ? ಎಂಟನೇ ಕ್ಲಾಸಿನಲ್ಲಿ ನನಗೆ ಗಣಿತ ಕಲಿಸಿದವರು, ಈಗ ಗೋಪನಕೊಪ್ಪದಲ್ಲಿ ನಮ್ಮ ಎದುರು ಮನೆ. ಪ್ರಿಂಟ್ ತೆಗೆದು ಕೊಟ್ಟೆ. ಚಹಾ ಆರುವುದರೊಳಗೆ ಮೂರನೇ ಪುಟದ ಒಂದು ಸಾಲಿಗೆ ಕೆಂಪು ಪೆನ್ನಿನಿಂದ ಸುತ್ತು ಹಾಕಿದರು.

“ಇಲ್ಲೆ ಭಾಗಾಕಾರ ಮಾಡೀಯಲ್ಲ ತಂಗಿ, ಕೆಳಗಿಂದು ಸೊನ್ನಿ ಆತಂದ್ರ?”

“ಅದು ಸೊನ್ನಿ ಆಗಂಗಿಲ್ರಿ ಸರ್. ನೀವು ಬರೇ ಸ್ಪೆಲ್ಲಿಂಗ್ ನೋಡ್ರಿ,” ಎಂದು ನಕ್ಕೆ.

“ಯಾಕ ಆಗಂಗಿಲ್ಲ? ಹೇಳು.”

ಪುಟದ ಅಂಚಿನಲ್ಲೇ ಲೆಕ್ಕ ಮಾಡಿ ತೋರಿಸಲು ಹೊರಟೆ. ಆಗುತ್ತದೆ, ಗೆಳೆಯರೇ! ಆರಾಮಾಗಿ ಸೊನ್ನೆ ಆಗುತ್ತದೆ! ಮುಂದಿನ ಹದಿನೆಂಟು ಪುಟವೂ ಆ ಒಂದು ಸಾಲಿನ ಮೇಲೆ ನಿಂತಿದೆ.

“ಎಂಟನೇ ಕ್ಲಾಸಿನ್ಯಾಗೂ ಇದಕ್ಕ ನಿಂದು ಎರಡು ಮಾರ್ಕ್ಸ್ ಕಡದಿದ್ದೆ,” ಎಂದರು ಮಾಸ್ತರು, ಚಹಾದಲ್ಲಿ ಟೋಸ್ಟ್ ಅದ್ದುತ್ತ. “ಆ ಮೂರು ಮಂದಿ ಯಾವ ಸಾಲ್ಯಾಗ ಕಲತವರವಾ?”

ಮೂರನೇ ಪುಟದಲ್ಲಿ ಒಬ್ಬರು ತಪ್ಪು ಹಿಡಿದಿದ್ದಾರೆ, ಅಚ್ಚು ನಿಲ್ಲಿಸಿ ಎಂದು ಸಂಪಾದಕರಿಗೆ ಬರೆದೆ. ಎರಡು ವರ್ಷ ಸತಾಯಿಸಿದವರು ಹತ್ತೇ ನಿಮಿಷದಲ್ಲಿ ಉತ್ತರ ಕೊಟ್ಟರು: “ಈ ತಪ್ಪು ಹಿಡಿದ ತಜ್ಞರ ಇಮೇಲ್ ವಿಳಾಸ ಕಳಿಸಿ. ನಮಗೆ ಪರೀಕ್ಷಕರು ಸಾಲುತ್ತಿಲ್ಲ.”

ತಜ್ಞರ ಹತ್ತಿರ ಇಮೇಲ್ ಇಲ್ಲ, ಕೆಂಪು ಪೆನ್ನಿದೆ ಎಂದು ಬರೆಯಲೇ?